ಕೋಡ್ ಒಂದೇ, ಚಿಪ್ ಬೇರೆ ಬೇರೆ: ಕಂಪೈಲರ್ ಆಪ್ಷನ್‌ಗಳನ್ನ ಎಲ್ಲ ಕಡೆ ಒಂದೇ ಥರ ಇಡೋದು ಹೇಗೆ?

ಈ ವಾರದ ಟೆಕ್ ಪಾಡ್‌ಕಾಸ್ಟ್‌ನ ಬರಹ ರೂಪ ಇಲ್ಲಿದೆ. ಇಯರ್‌ಫೋನ್ ಹತ್ತಿರ ಇಲ್ಲದವರು ಓದಿಕೊಳ್ಳಬಹುದು.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನೀವೂ ನಿಮ್ಮ ಫ್ರೆಂಡೂ ಪ್ಲೇ ಸ್ಟೋರ್‌ಗೆ ಹೋಗಿ ಒಂದೇ ಆ್ಯಪ್‌ನ ಇನ್‌ಸ್ಟಾಲ್ ಬಟನ್ ಒತ್ತುತ್ತೀರಿ. ಇಬ್ಬರ ಫೋನಿಗೂ ಬರೋದು ಒಂದೇ ಫೈಲಾ?

ಎಷ್ಟೋ ಸಲ ಅಲ್ಲ. ನಿಮ್ಮ ಫೋನ್ 64 ಬಿಟ್ ಆರ್ಮ್ ಆಗಿದ್ದು, ಫ್ರೆಂಡ್‌ದು ಹಳೇ 32 ಬಿಟ್ ಫೋನ್ ಆಗಿದ್ದರೆ, ಪ್ಲೇ ಸ್ಟೋರ್ ಇಬ್ಬರಿಗೂ ಬೇರೆ ಬೇರೆ ತುಣುಕು ಕಳಿಸುತ್ತೆ. ಆ್ಯಪ್‌ನ ಹೆಸರು ಒಂದೇ, ಐಕಾನ್ ಒಂದೇ, ಬರೆದ ಕೋಡ್ ಕೂಡ ಒಂದೇ. ಆದರೆ ಒಳಗಡೆ ಪ್ರೊಸೆಸರ್‌ಗೆ ಅರ್ಥ ಆಗೋ ಭಾಷೆ ಬೇರೆ.

ಆಂಡ್ರಾಯ್ಡ್‌ನಲ್ಲಿ ಸಿ, ಸಿ ಪ್ಲಸ್ ಪ್ಲಸ್ ಕೋಡ್ ಬರೆಯೋರಿಗೆ ಮುಖ್ಯವಾಗಿ ನಾಲ್ಕು ಟಾರ್ಗೆಟ್‌ಗಳಿವೆ: 32 ಬಿಟ್ ಆರ್ಮ್, 64 ಬಿಟ್ ಆರ್ಮ್, 32 ಬಿಟ್ ಎಕ್ಸ್86, 64 ಬಿಟ್ ಎಕ್ಸ್86. ಅದೇ ಕೋಡ್ ಐಫೋನಿಗೂ ಹೋಗಬೇಕು, ವಿಂಡೋಸ್ ಲ್ಯಾಪ್‌ಟಾಪಿಗೂ ಹೋಗಬೇಕು ಅಂದ್ರೆ ಪಟ್ಟಿ ಇನ್ನೂ ಉದ್ದ ಆಗುತ್ತೆ. ಈಗ ರಿಸ್ಕ್-ಫೈವ್ ಅನ್ನೋ ಇನ್ನೊಂದು ಬಳಗವೂ ಬಂದಿದೆ. ಐಐಟಿ ಮದ್ರಾಸ್‌ನ 'ಶಕ್ತಿ' ಪ್ರೊಸೆಸರ್ ಅದೇ ಬಳಗಕ್ಕೆ ಸೇರಿದ್ದು.

ಮನುಷ್ಯ ಬರೆದ ಕೋಡನ್ನ ಪ್ರೊಸೆಸರ್ ಭಾಷೆಗೆ ತರೋ ಸಾಫ್ಟ್‌ವೇರೇ ಕಂಪೈಲರ್. ಅದಕ್ಕೆ 'ಹೀಗೆ ಮಾಡು, ಹಾಗೆ ಮಾಡಬೇಡ' ಅಂತ ಕೊಡೋ ಸೂಚನೆಗಳೇ ಆಪ್ಷನ್‌ಗಳು. ಕೆಲವರು ಫ್ಲ್ಯಾಗ್ ಅಂತಲೂ ಕರೀತಾರೆ. ವೇಗವಾಗಿ ಓಡೋ ಥರ ಮಾಡು, ಅನುಮಾನ ಬಂದರೆ ಎಚ್ಚರಿಸು, ಇಂಥ ಪ್ರೊಸೆಸರ್‌ಗೆ ತಯಾರು ಮಾಡು, ಹೀಗೆ ನೂರಾರು ಇವೆ.

ಇವತ್ತಿನ ವಿಷಯ ಏನಂದ್ರೆ, ಒಂದೇ ಆಪ್ಷನ್ ಎಲ್ಲ ಕಡೆ ಒಂದೇ ಅರ್ಥ ಕೊಡೋದಿಲ್ಲ. ಅದಕ್ಕಿಂತ ಹೆಚ್ಚಿನ ತಲೆನೋವು, ನೀವು ಕೊಡದೇ ಬಿಟ್ಟ ಆಪ್ಷನ್ ಕೂಡ ಒಂದೊಂದು ಕಡೆ ಒಂದೊಂದು ಥರ ಇರುತ್ತೆ. ಇದನ್ನ ಸರಿಯಾಗಿ ನೋಡಿಕೊಳ್ಳದಿದ್ದರೆ ಪೆಟ್ಟು ಬೀಳೋದು ಡೆವಲಪರ್‌ಗಲ್ಲ, ಆ್ಯಪ್ ಬಳಸೋರಿಗೆ. ಅದರಲ್ಲೂ ಹಳೇ ಫೋನ್ ಇಟ್ಟುಕೊಂಡಿರೋರಿಗೆ, ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಟೈಪ್ ಮಾಡೋರಿಗೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಆಪ್ಷನ್‌ಗಳ ಹೆಸರಿನ ಮುಂದೆ ಒಂದು ಅಡ್ಡಗೆರೆ ಇರುತ್ತೆ. ಕೇಳೋಕೆ ಸುಲಭ ಆಗಲಿ ಅಂತ ಇಲ್ಲಿ ಅದನ್ನ ಬಿಟ್ಟು ಹೆಸರು ಮಾತ್ರ ಹೇಳ್ತೀನಿ.

ಹೆಸರು ಅದೇ, ಅರ್ಥ ಬೇರೆ

ಹೋಟೆಲಿಗೆ ಹೋಗಿ 'ಒಂದು ಪ್ಲೇಟ್ ಇಡ್ಲಿ' ಅಂತೀರಿ. ಒಂದು ಕಡೆ ಎರಡು ಬರುತ್ತೆ, ಇನ್ನೊಂದು ಕಡೆ ಮೂರು. ಪದ ನಿಮ್ಮದು, ಲೆಕ್ಕ ಹೋಟೆಲಿನವರದು. ಕಂಪೈಲರ್ ಆಪ್ಷನ್‌ಗಳ ಕಥೆಯೂ ಹೀಗೇ.

ಜಿಸಿಸಿ ಅನ್ನೋ ಹೆಸರಾಂತ ಕಂಪೈಲರ್ ತಗೊಳ್ಳಿ. ಅದರಲ್ಲಿ ಮೂರು ಆಪ್ಷನ್‌ಗಳಿವೆ: ಎಂ-ಆರ್ಚ್, ಎಂ-ಸಿಪಿಯು, ಎಂ-ಟ್ಯೂನ್. ಎಂ-ಆರ್ಚ್ ಅಂದ್ರೆ 'ಈ ಮಟ್ಟದ ಪ್ರೊಸೆಸರ್‌ನ ಸೂಚನೆಗಳನ್ನ ಬಳಸಬಹುದು'. ಎಂ-ಟ್ಯೂನ್ ಅಂದ್ರೆ 'ಹೊಸ ಸೂಚನೆ ಬಳಸಬೇಡ, ಆದರೆ ಈ ಪ್ರೊಸೆಸರ್ ಮೇಲೆ ಚೆನ್ನಾಗಿ ಓಡೋ ಥರ ಜೋಡಿಸು'. ಮೊದಲನೆಯದು ತಪ್ಪಾದರೆ ಪ್ರೋಗ್ರಾಮ್ ಕ್ರ್ಯಾಶ್ ಆಗುತ್ತೆ. ಎರಡನೆಯದು ತಪ್ಪಾದರೆ ಸ್ವಲ್ಪ ನಿಧಾನ ಆಗಬಹುದು, ಅಷ್ಟೇ.

ಹಾಗಾದ್ರೆ ಎಂ-ಸಿಪಿಯು? ಇಲ್ಲೇ ಇರೋದು ಗಮ್ಮತ್ತು. ಆರ್ಮ್‌ನಲ್ಲಿ ಅದನ್ನ ಕೊಟ್ಟರೆ ಎರಡೂ ಕೆಲಸ ಒಟ್ಟಿಗೆ ಆಗುತ್ತೆ: ಸೂಚನೆಗಳ ಮಟ್ಟವೂ ನಿಗದಿ, ಟ್ಯೂನಿಂಗೂ ನಿಗದಿ. ಎಕ್ಸ್86ನಲ್ಲಿ ಅದು ಎಂ-ಟ್ಯೂನ್‌ಗೆ ಇದ್ದ ಹಳೇ ಹೆಸರು. ಬಳಸಬೇಡಿ ಅಂತ ಜಿಸಿಸಿ ಕೈಪಿಡಿಯೇ ಹೇಳುತ್ತೆ. ಪವರ್ ಪ್ರೊಸೆಸರ್‌ಗಳಲ್ಲಿ ಸೂಚನೆಗಳ ಮಟ್ಟ ನಿಗದಿ ಮಾಡೋದೇ ಎಂ-ಸಿಪಿಯು, ಅಲ್ಲಿ ಎಂ-ಆರ್ಚ್ ಇಲ್ಲವೇ ಇಲ್ಲ. ರಿಸ್ಕ್-ಫೈವ್‌ನಲ್ಲಿ ಎಂ-ಆರ್ಚ್ ಇದೆ, ಆದರೆ ಅದಕ್ಕೆ ಪ್ರೊಸೆಸರ್ ಹೆಸರಿನ ಬದಲು 'ಆರ್‌ವಿ64ಜಿಸಿ' ಥರದ ಅಕ್ಷರಗಳ ಸರ ಕೊಡೋದು ರೂಢಿ. ಒಂದೊಂದು ಅಕ್ಷರವೂ ಒಂದೊಂದು ಸೌಲಭ್ಯ.

ಅಂದ್ರೆ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಿದ ಸಾಲನ್ನ ಕಾಪಿ ಮಾಡಿ ಇನ್ನೊಂದು ಟಾರ್ಗೆಟ್‌ಗೆ ಅಂಟಿಸಿದರೆ ಏನಾಗಬಹುದು? ಅದೃಷ್ಟ ಇದ್ದರೆ ಎರರ್ ಬರುತ್ತೆ. ಉದಾಹರಣೆಗೆ ಎಕ್ಸ್86ನಲ್ಲಿ '64 ಬಿಟ್‌ಗೆ ಮಾಡು' ಅನ್ನೋದಕ್ಕೆ ಎಂ-64 ಅಂತ ಇದೆ. ಅದನ್ನೇ 64 ಬಿಟ್ ಆರ್ಮ್‌ನ ಜಿಸಿಸಿಗೆ ಕೊಟ್ಟರೆ 'ಈ ಆಪ್ಷನ್ ಗೊತ್ತಿಲ್ಲ' ಅಂತ ನಿಂತುಬಿಡುತ್ತೆ. ನಿಂತರೆ ಒಳ್ಳೇದೇ. ನಿಲ್ಲದೆ ಬೇರೆ ಅರ್ಥದಲ್ಲಿ ಮುಂದಕ್ಕೆ ಹೋಗೋದೇ ಅಪಾಯ.

ಕನ್ನಡದ 'ಕ' ಮೈನಸ್ ಆದಾಗ

ಈಗ ಕೊಡದೇ ಬಿಟ್ಟ ಆಪ್ಷನ್ ವಿಷಯಕ್ಕೆ ಬರೋಣ. ಇದು ಕನ್ನಡದವರಿಗೆ ನೇರವಾಗಿ ತಟ್ಟೋ ವಿಷಯ.

ಸಿ ಭಾಷೆಯಲ್ಲಿ ಚಾರ್ ಅನ್ನೋ ಒಂದು ಬೈಟ್‌ನ ಡಬ್ಬಿ ಇದೆ. ಅದರಲ್ಲಿ 0ಯಿಂದ 255ರವರೆಗೆ ಅಂಕಿ ಇಡಬಹುದಾ, ಅಥವಾ ಮೈನಸ್ 128ರಿಂದ 127ರವರೆಗಾ? ಸಿ ಭಾಷೆಯ ಮಾನದಂಡ ಇದನ್ನ ನಿರ್ಧರಿಸೋದಿಲ್ಲ. 'ನಿಮ್ಮ ನಿಮ್ಮ ವೇದಿಕೆಗೆ ಬಿಟ್ಟದ್ದು' ಅನ್ನುತ್ತೆ. ಎಕ್ಸ್86ನಲ್ಲಿ ಚಾರ್‌ಗೆ ಮೈನಸ್ ಇದೆ. ಆಂಡ್ರಾಯ್ಡ್ ಓಡೋ ಆರ್ಮ್ ಫೋನ್‌ಗಳಲ್ಲಿ, ಆರ್ಮ್ ಲಿನಕ್ಸ್‌ನಲ್ಲಿ ಮೈನಸ್ ಇಲ್ಲ. 'ಓ, ಆರ್ಮ್ ಅಂದ್ರೆ ಮೈನಸ್ ಇಲ್ಲ' ಅಂದುಕೊಳ್ಳಬೇಡಿ. ಐಫೋನ್ ಕೂಡ ಆರ್ಮೇ, ಆದರೆ ಆ್ಯಪಲ್‌ನವರು ಅಲ್ಲಿ ಮೈನಸ್ ಇಟ್ಟಿದ್ದಾರೆ. ಅಂದ್ರೆ ಇದು ಬರೀ ಚಿಪ್‌ನ ಗುಣ ಅಲ್ಲ, ಚಿಪ್ ಮತ್ತು ಆಪರೇಟಿಂಗ್ ಸಿಸ್ಟಮ್ ಎರಡೂ ಸೇರಿ ಮಾಡಿಕೊಂಡ ಒಪ್ಪಂದ.

ಈಗ 'ಕ' ಅಕ್ಷರ ಟೈಪ್ ಮಾಡಿ. ಯುಟಿಎಫ್-8 ಪದ್ಧತಿಯಲ್ಲಿ ಅದು ಮೂರು ಬೈಟ್: 224, 178, 149. ಇಂಗ್ಲಿಷ್ ಅಕ್ಷರಗಳೆಲ್ಲ 127ರ ಒಳಗೇ ಇರುತ್ತವೆ, ಕನ್ನಡ ಅಕ್ಷರದ ಒಂದು ಬೈಟ್ ಕೂಡ ಆ ಮಿತಿಯೊಳಗೆ ಬರೋದಿಲ್ಲ. ಮೈನಸ್ ಇರೋ ಚಾರ್‌ನಲ್ಲಿ ಅದೇ ಮೂರು ಬೈಟ್‌ಗಳು ಮೈನಸ್ 32, ಮೈನಸ್ 78, ಮೈನಸ್ 107 ಆಗಿ ಕಾಣುತ್ತವೆ.

ಯಾರೋ ಒಬ್ಬ ಡೆವಲಪರ್ 'ಬೈಟ್ 127ಕ್ಕಿಂತ ದೊಡ್ಡದಾದರೆ ಇದು ಇಂಗ್ಲಿಷ್ ಅಲ್ಲ' ಅಂತ ಒಂದು ಷರತ್ತು ಬರೀತಾರೆ ಅಂದುಕೊಳ್ಳಿ. ಆಂಡ್ರಾಯ್ಡ್ ಫೋನ್ ಮೇಲೆ ಸರಿಯಾಗಿ ಓಡುತ್ತೆ. ಇಂಟೆಲ್ ಲ್ಯಾಪ್‌ಟಾಪ್‌ನ ಎಮ್ಯುಲೇಟರ್‌ನಲ್ಲಿ ಆ ಷರತ್ತು ಯಾವತ್ತೂ ನಿಜ ಆಗೋದೇ ಇಲ್ಲ. ಯಾಕಂದ್ರೆ ಅಲ್ಲಿ 'ಕ' ಅನ್ನೋದು ಮೈನಸ್ ಅಂಕಿ. ಇಂಗ್ಲಿಷ್‌ನಲ್ಲಿ ಮಾತ್ರ ಟೆಸ್ಟ್ ಮಾಡಿದರೆ ಎರಡೂ ಕಡೆ ಎಲ್ಲ ಚೆನ್ನಾಗೇ ಕಾಣುತ್ತೆ. ಕನ್ನಡದಲ್ಲಿ ಹೆಸರು ಬರೆದಾಗ ಮಾತ್ರ ಒಂದು ಕಡೆ ಸರಿ, ಇನ್ನೊಂದು ಕಡೆ ಅಕ್ಷರ ಎಡವಟ್ಟು.

ಉಲ್ಟಾನೂ ಇದೆ. ಫೈಲ್ ಮುಗಿಯಿತು ಅಂತ ಹೇಳೋಕೆ ಸಿ ಲೈಬ್ರರಿ ಸಾಮಾನ್ಯವಾಗಿ ಮೈನಸ್ 1 ಕೊಡುತ್ತೆ. ಅದನ್ನ ಚಾರ್ ಡಬ್ಬಿಯಲ್ಲಿ ಹಾಕಿಕೊಂಡು ಹೋಲಿಸೋ ಹಳೇ ಕೋಡ್ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ. ಮೈನಸ್ಸೇ ಇಲ್ಲದ ರಾಸ್ಪ್‌ಬೆರಿ ಪೈನಂಥ ಆರ್ಮ್ ಲಿನಕ್ಸ್ ಬೋರ್ಡ್ ಮೇಲೆ ಅದು ಮುಗಿಯೋದೇ ಇಲ್ಲ, ಸುತ್ತುತ್ತಲೇ ಇರುತ್ತೆ.

ಪರಿಹಾರ ಏನು? 'ಮೈನಸ್ ಇಲ್ಲದ ಚಾರ್' ಅಂತ ಹೇಳೋ ಎಫ್-ಅನ್‌ಸೈನ್ಡ್-ಚಾರ್ ಆಪ್ಷನ್ನನ್ನ ಎಲ್ಲ ಟಾರ್ಗೆಟ್‌ಗೂ ಒಂದೇ ಥರ ಕೊಡೋದು. ಲಿನಕ್ಸ್ ಕರ್ನಲ್ ಮಾಡಿದ್ದೂ ಇದನ್ನೇ. 2023ರ ಫೆಬ್ರವರಿಯಲ್ಲಿ ಬಂದ 6.2 ಆವೃತ್ತಿಯಿಂದ ಇಡೀ ಕರ್ನಲ್‌ನಲ್ಲಿ, ಯಾವ ಪ್ರೊಸೆಸರ್ ಆದ್ರೂ ಸರಿ, ಚಾರ್‌ಗೆ ಮೈನಸ್ ಇಲ್ಲ. ಇಷ್ಟು ವರ್ಷ ಚಿಪ್‌ನಿಂದ ಚಿಪ್‌ಗೆ ಬದಲಾಗ್ತಿದ್ದ ಒಂದು ಅನುಮಾನ ಒಂದೇ ಸಾಲಿನಿಂದ ಹೋಯ್ತು.

ಒಂದು ಎಚ್ಚರಿಕೆ: ಬೇರೆಯವರಿಗೆ ಕೊಡೋ ಲೈಬ್ರರಿ ಬರೀತಿದ್ದರೆ ಆಪ್ಷನ್ ಒಂದನ್ನೇ ನಂಬಬೇಡಿ. ನಿಮ್ಮ ಹೆಡರ್ ಫೈಲನ್ನ ಅವರು ಅವರದೇ ಆಪ್ಷನ್‌ನಲ್ಲಿ ಕಂಪೈಲ್ ಮಾಡ್ತಾರೆ. ಅಲ್ಲಿ ಕೋಡ್‌ನಲ್ಲೇ 'ಅನ್‌ಸೈನ್ಡ್ ಚಾರ್' ಅಂತ ಬಿಡಿಸಿ ಬರೆಯೋದೇ ಲೇಸು.

ಗಣಿತಕ್ಕೂ ಎರಡು ಉತ್ತರ

ಎರಡನೇ ಉದಾಹರಣೆ ದಶಮಾಂಶ ಲೆಕ್ಕದ್ದು. ಮೂರೇ ಅಂಕಿ ಹಿಡಿಯೋ ಒಂದು ಪುಟ್ಟ ಕ್ಯಾಲ್ಕ್ಯುಲೇಟರ್ ಇದೆ ಅಂದುಕೊಳ್ಳಿ. 1.23 ಅನ್ನು 4.56ರಿಂದ ಗುಣಿಸಿ, ಬಂದಿದ್ದರಲ್ಲಿ 5.60 ಕಳೆಯಬೇಕು.

ಗುಣಿಸಿದರೆ 5.6088. ಮೂರೇ ಅಂಕಿ ಹಿಡಿಯೋದರಿಂದ 5.61 ಅಂತ ಉಳಿಸಿಕೊಳ್ಳುತ್ತೆ. ಅದರಲ್ಲಿ 5.60 ಕಳೆದರೆ ಉತ್ತರ 0.01. ಇನ್ನೊಂದು ಕ್ಯಾಲ್ಕ್ಯುಲೇಟರ್ ಮಧ್ಯದಲ್ಲಿ ಕತ್ತರಿಸದೆ, ಗುಣಿಸಿ ಕಳೆದು, ಕೊನೆಯಲ್ಲಿ ಒಂದೇ ಸಲ ಕತ್ತರಿಸುತ್ತೆ. ಅದರ ಉತ್ತರ 0.0088. ಎರಡನೆಯದೇ ಹೆಚ್ಚು ನಿಖರ. ಆದರೆ ಎರಡೂ ಬೇರೆ ಬೇರೆ.

ಈ ಎರಡನೇ ವಿಧಾನಕ್ಕೆ ಪ್ರೊಸೆಸರ್‌ಗಳಲ್ಲಿ ಒಂದು ವಿಶೇಷ ಸೂಚನೆ ಇದೆ, ಎಫ್‌ಎಂಎ ಅಂತ. 64 ಬಿಟ್ ಆರ್ಮ್‌ನಲ್ಲಿ ಅದು ಎಲ್ಲ ಚಿಪ್‌ಗಳಲ್ಲೂ ಇದೆ. 64 ಬಿಟ್ ಎಕ್ಸ್86ನ ಕನಿಷ್ಠ ಮಟ್ಟದಲ್ಲಿ ಇಲ್ಲ. ಇಂಟೆಲ್ ಚಿಪ್‌ಗಳಿಗೆ ಅದು ಬಂದಿದ್ದೇ 2013ರ ಹ್ಯಾಸ್ವೆಲ್ ಪೀಳಿಗೆಯಲ್ಲಿ. ಜಿಸಿಸಿ ತನ್ನ ಮಾಮೂಲಿ ಸ್ಥಿತಿಯಲ್ಲಿ ಇಂಥ ಸೂಚನೆ ಇದ್ದರೆ ಬಳಸಿಕೊಳ್ಳುತ್ತೆ. ಹೀಗಾಗಿ ಅದೇ ಫೈಲ್, ಅದೇ ಓ-2 ಆಪ್ಷನ್, ಆದರೆ ಎರಡು ಯಂತ್ರಗಳಲ್ಲಿ ಕೊನೆಯ ಅಂಕಿಗಳು ಬೇರೆ. ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್ ಕೂಡ 14ನೇ ಆವೃತ್ತಿಯಿಂದ ಒಂದೇ ಲೆಕ್ಕದ ಸಾಲಿನೊಳಗೆ ಹೀಗೆ ಸೇರಿಸೋಕೆ ಶುರು ಮಾಡಿತು. ಅಂದ್ರೆ ಕಂಪೈಲರ್ ಅಪ್‌ಡೇಟ್ ಮಾಡಿದಾಗಲೂ ಉತ್ತರ ಅಲುಗಾಡಬಹುದು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಫೋಟೋ ಫಿಲ್ಟರ್‌ಗೆ ಬೇಕಿಲ್ಲ. ಆದರೆ ಇಬ್ಬರು ಆಟಗಾರರ ಫೋನ್‌ಗಳು ಪ್ರತ್ಯೇಕವಾಗಿ ಲೆಕ್ಕ ಹಾಕಿ ಒಂದೇ ಉತ್ತರಕ್ಕೆ ಬರಬೇಕಾದ ಗೇಮ್‌ನಲ್ಲಿ? ಇವತ್ತು ಕೂದಲೆಳೆ ವ್ಯತ್ಯಾಸ, ಸ್ವಲ್ಪ ಹೊತ್ತಾದ ಮೇಲೆ ಒಬ್ಬರ ಪರದೆಯಲ್ಲಿ ಗುಂಡು ತಾಗಿದೆ, ಇನ್ನೊಬ್ಬರ ಪರದೆಯಲ್ಲಿ ತಪ್ಪಿದೆ. ಅಂಥ ಕಡೆ ಎಫ್-ಎಫ್‌ಪಿ-ಕಾಂಟ್ರ್ಯಾಕ್ಟ್ ಆಪ್ಷನ್ನನ್ನ ಎಲ್ಲ ಟಾರ್ಗೆಟ್‌ನಲ್ಲೂ 'ಆಫ್' ಅಂತ ಬರೆದಿಡಬೇಕು. ಇದು ಎಲ್ಲ ರೋಗಕ್ಕೂ ಮದ್ದಲ್ಲ. ಸೈನ್, ಕಾಸ್ ಥರದ ಲೆಕ್ಕಗಳು ಆಯಾ ಸಿಸ್ಟಮ್‌ನ ಗಣಿತ ಲೈಬ್ರರಿಯಿಂದ ಬರುತ್ತವೆ, ಅವು ಬೇರೆ ಇರಬಹುದು. ಆದರೆ ದೊಡ್ಡ ಒಂದು ಕಾರಣವಂತೂ ಹೋಗುತ್ತೆ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಫಾಸ್ಟ್-ಮ್ಯಾತ್ ಅನ್ನೋ ಆಪ್ಷನ್ ಕೇಳೋಕೆ ಆಕರ್ಷಕ. ಆದರೆ 13ಕ್ಕಿಂತ ಹಿಂದಿನ ಜಿಸಿಸಿಯಲ್ಲಿ, ಎಕ್ಸ್86 ಲಿನಕ್ಸ್ ಮೇಲೆ, ಅದನ್ನ ಹಾಕಿ ಒಂದು ಲೈಬ್ರರಿ ತಯಾರು ಮಾಡಿದರೆ, ಆ ಲೈಬ್ರರಿ ಲೋಡ್ ಆದ ಕೂಡಲೇ ಪ್ರೊಸೆಸರ್ ಅತಿ ಸಣ್ಣ ಸಂಖ್ಯೆಗಳನ್ನ ಸೊನ್ನೆ ಅಂತ ಪರಿಗಣಿಸೋಕೆ ಶುರು ಮಾಡ್ತಿತ್ತು. ಆ ಲೈಬ್ರರಿಯ ಲೆಕ್ಕಕ್ಕೆ ಮಾತ್ರ ಅಲ್ಲ, ಅದೇ ಪ್ರೋಗ್ರಾಮ್‌ನ ಬೇರೆಯವರ ಕೋಡ್‌ಗೂ! 13ನೇ ಆವೃತ್ತಿಯಲ್ಲಿ ಹಂಚಿಕೊಳ್ಳೋ ಲೈಬ್ರರಿಗಳಿಗೆ ಅದನ್ನ ತೆಗೆದರು. ಒಬ್ಬರ ಆಪ್ಷನ್ ಪಕ್ಕದವರ ಲೆಕ್ಕ ಕೆಡಿಸೋದು ಹೀಗೆ.

'ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ'

ಎಂ-ಆರ್ಚ್‌ಗೆ 'ನೇಟಿವ್' ಅಂತ ಒಂದು ಬೆಲೆ ಕೊಡಬಹುದು. 'ಈಗ ಕಂಪೈಲ್ ಮಾಡ್ತಿರೋ ಇದೇ ಯಂತ್ರದಲ್ಲಿ ಏನೇನಿದೆಯೋ ಎಲ್ಲ ಬಳಸು' ಅಂತ ಅರ್ಥ. ನಿಮ್ಮ ಯಂತ್ರಕ್ಕೆ ಮಾತ್ರ ಆದರೆ ಧಾರಾಳವಾಗಿ ಬಳಸಿ. ಆದರೆ ಅದನ್ನ ಬೇರೆಯವರಿಗೆ ಕೊಟ್ಟರೆ, ಅವರ ಹಳೇ ಪ್ರೊಸೆಸರ್‌ಗೆ ಗೊತ್ತಿಲ್ಲದ ಸೂಚನೆ ಎದುರಾದ ಕ್ಷಣ ಪ್ರೋಗ್ರಾಮ್ ಸಾಯುತ್ತೆ. ಪರದೆ ಮೇಲೆ ಬರೋದು 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅನ್ನೋ ಎರಡೇ ಪದ. ಫೋನ್‌ನಲ್ಲಾದರೆ ಅದೂ ಇಲ್ಲ, ಆ್ಯಪ್ ಸುಮ್ಮನೆ ಮುಚ್ಚಿಕೊಳ್ಳುತ್ತೆ.

ಹಾಗಾಗಿ ಕನಿಷ್ಠ ಮಟ್ಟ ಯಾವುದು ಅಂತ ನಿರ್ಧರಿಸೋದು ಬರೀ ತಾಂತ್ರಿಕ ವಿಷಯ ಅಲ್ಲ. ಯಾರನ್ನ ಹೊರಗಿಡ್ತೀವಿ ಅನ್ನೋ ತೀರ್ಮಾನ ಅದು. ರೆಡ್ ಹ್ಯಾಟ್‌ನವರ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ ಎಕ್ಸ್86ನ ಎರಡನೇ ಮಟ್ಟ ಸಾಕು. 2025ರಲ್ಲಿ ಬಂದ 10ಕ್ಕೆ ಮೂರನೇ ಮಟ್ಟ ಬೇಕು. ಅವರು ಅದನ್ನ ಬಹಿರಂಗವಾಗಿ ಹೇಳಿ ಮಾಡಿದರು. ಅಪಾಯ ಇರೋದು, ಯಾವುದೋ ಬಿಲ್ಡ್ ಫೈಲ್‌ನ ಮೂಲೆಯಲ್ಲಿ ಒಂದು ಆಪ್ಷನ್ ಸೇರಿಸಿ, ಹೇಳದೇ ಕೇಳದೇ ಹಳೇ ಫೋನಿನವರನ್ನ ಹೊರಗೆ ಹಾಕಿದಾಗ.

ವೇಗವೂ ಬೇಕು, ಹಳಬರೂ ಬೇಕು ಅಂದ್ರೆ ದಾರಿ ಇದೆ. ಇಡೀ ಪ್ರೋಗ್ರಾಮನ್ನ ಕನಿಷ್ಠ ಮಟ್ಟಕ್ಕೆ ಕಂಪೈಲ್ ಮಾಡಿ, ಭಾರವಾದ ಒಂದೆರಡು ಫಂಕ್ಷನ್‌ಗೆ ಮಾತ್ರ ಹೊಸ ಮಟ್ಟದ ಎರಡನೇ ಪ್ರತಿ ಇಡೋದು. ಓಡುವಾಗ 'ನಿನ್ನಲ್ಲಿ ಈ ಸೌಲಭ್ಯ ಇದೆಯಾ?' ಅಂತ ಪ್ರೊಸೆಸರ್‌ನ ಕೇಳಿ, ಇದ್ದರೆ ವೇಗದ ಪ್ರತಿ, ಇಲ್ಲದಿದ್ದರೆ ಸಾದಾ ಪ್ರತಿ.

ಇದರಲ್ಲೂ ಒಂದು ಗುಂಡಿ ಇದೆ, ಅನುಭವಿಗಳೂ ಬೀಳೋ ಗುಂಡಿ. ವೇಗದ ಪ್ರತಿ ಇರೋ ಫೈಲನ್ನ ಹೊಸ ಮಟ್ಟದ ಆಪ್ಷನ್ ಕೊಟ್ಟು ಕಂಪೈಲ್ ಮಾಡ್ತೀರಿ. ಆ ಫೈಲ್ ಒಂದು ಸಾಮಾನ್ಯ ಹೆಡರ್‌ನ ಪುಟ್ಟ ಇನ್‌ಲೈನ್ ಫಂಕ್ಷನ್ ಕೂಡ ಬಳಸುತ್ತೆ. ಅದೇ ಪುಟ್ಟ ಫಂಕ್ಷನ್ ಬೇರೆ ಫೈಲ್‌ಗಳಲ್ಲೂ ಇರುತ್ತೆ. ಎಲ್ಲ ಸೇರಿಸುವಾಗ ಲಿಂಕರ್ 'ಒಂದೇ ಸಾಕು' ಅಂತ ಒಂದು ಪ್ರತಿ ಇಟ್ಟುಕೊಂಡು ಉಳಿದದ್ದು ಬಿಸಾಡುತ್ತೆ. ಇಟ್ಟುಕೊಂಡಿದ್ದು ಹೊಸ ಮಟ್ಟದ ಪ್ರತಿ ಆಗಿದ್ದರೆ? ಪ್ರೊಸೆಸರ್‌ನ ಕೇಳೋ ಮೊದಲೇ ಹಳೇ ಯಂತ್ರದಲ್ಲಿ ಕ್ರ್ಯಾಶ್. ಅದಕ್ಕೇ ಅಂಥ ಫೈಲ್‌ಗಳನ್ನ ಚಿಕ್ಕದಾಗಿ, ಹೊರಗಿನ ಹೆಡರ್‌ಗಳ ಸಹವಾಸ ಇಲ್ಲದ ಹಾಗೆ ಬರೀಬೇಕು.

ಮೂರು ಪೆಟ್ಟಿಗೆ ಮಾಡಿಕೊಳ್ಳಿ

ಸರಿ, ಇಷ್ಟೆಲ್ಲ ಗೊಂದಲ ಇದ್ದರೆ ಸಂಭಾಳಿಸೋದು ಹೇಗೆ? ಆಪ್ಷನ್‌ಗಳನ್ನ ಮೂರು ಪೆಟ್ಟಿಗೆಯಲ್ಲಿ ಹಾಕಿ.

ಮೊದಲ ಪೆಟ್ಟಿಗೆ: ಎಲ್ಲ ಕಡೆ ಒಂದೇ ಇರಬೇಕಾದವು. ಭಾಷೆಯ ಯಾವ ಆವೃತ್ತಿ, ಯಾವ ಎಚ್ಚರಿಕೆಗಳು, ಚಾರ್‌ಗೆ ಮೈನಸ್ ಇದೆಯೋ ಇಲ್ಲವೋ, ದಶಮಾಂಶ ಲೆಕ್ಕದ ನಿಯಮ ಏನು. ಇವನ್ನ ಒಂದೇ ಜಾಗದಲ್ಲಿ, ಬಾಯಿಬಿಟ್ಟು ಬರೆಯಬೇಕು. 'ಡೀಫಾಲ್ಟ್ ಹೇಗೂ ಇದೆಯಲ್ಲ' ಅನ್ನಬೇಡಿ. ಡೀಫಾಲ್ಟ್ ಅನ್ನೋದು ಟಾರ್ಗೆಟ್‌ನ ಅಭಿಪ್ರಾಯ, ನಿಮ್ಮದಲ್ಲ.

ಎರಡನೇ ಪೆಟ್ಟಿಗೆ: ಉದ್ದೇಶ ಒಂದೇ, ಹೆಸರು ಬೇರೆ. ಪ್ರೋಗ್ರಾಮ್‌ನ ಹಾದಿ ತಪ್ಪಿಸೋ ದಾಳಿಗಳನ್ನ ತಡೆಯೋಕೆ ಪ್ರೊಸೆಸರ್‌ಗಳಲ್ಲೇ ರಕ್ಷಣೆ ಇದೆ. ಎಕ್ಸ್86ನಲ್ಲಿ ಅದನ್ನ ಎಫ್-ಸಿಎಫ್-ಪ್ರೊಟೆಕ್ಷನ್ ಅಂತ ಕೇಳಬೇಕು. 64 ಬಿಟ್ ಆರ್ಮ್‌ನಲ್ಲಿ ಎಂ-ಬ್ರ್ಯಾಂಚ್-ಪ್ರೊಟೆಕ್ಷನ್ ಅನ್ನಬೇಕು. ಇಂಥ ಕಡೆ ಪ್ರಾಜೆಕ್ಟ್‌ನಲ್ಲಿ 'ಹಾದಿ ರಕ್ಷಣೆ ಬೇಕು' ಅಂತ ಒಂದು ಸಾಲು ಇರಲಿ. ಯಾವ ಟಾರ್ಗೆಟ್‌ಗೆ ಯಾವ ಪದ ಅನ್ನೋದು ಒಂದೇ ಒಂದು ಕೋಷ್ಟಕದಲ್ಲಿ ಇರಲಿ.

ಮೂರನೇ ಪೆಟ್ಟಿಗೆ: ನಿಜವಾಗಲೂ ಒಂದು ಹಾರ್ಡ್‌ವೇರ್‌ಗೆ ಮಾತ್ರ ಸೇರಿದವು. 32 ಬಿಟ್ ಆರ್ಮ್‌ನಲ್ಲಿ ನಿಯಾನ್ ಬೇಕು ಅಂತ ಎಂ-ಎಫ್‌ಪಿಯು ಆಪ್ಷನ್ ಕೊಡ್ತಾರೆ. 64 ಬಿಟ್ ಆರ್ಮ್‌ನ ಜಿಸಿಸಿಯಲ್ಲಿ ಆ ಆಪ್ಷನ್ನೇ ಇಲ್ಲ, ನಿಯಾನ್ ಅಲ್ಲಿ ಮಾಮೂಲಿಯಾಗೇ ಇರುತ್ತೆ. ಇಂಥವು ಆಯಾ ಟಾರ್ಗೆಟ್‌ನ ಫೈಲ್‌ನಲ್ಲಿ ಮಾತ್ರ ಇರಬೇಕು. ಸಿ-ಮೇಕ್ ಬಳಸೋರಿಗೆ ಇದಕ್ಕಂತಲೇ ಟೂಲ್‌ಚೈನ್ ಫೈಲ್ ಇದೆ. ಹೊಸ ಹಾರ್ಡ್‌ವೇರ್ ಬಂದರೆ ಹೊಸದೊಂದು ಪುಟ್ಟ ಫೈಲ್ ಸೇರಿಸಿದರೆ ಆಯ್ತು, ಉಳಿದದ್ದು ಮುಟ್ಟೋದು ಬೇಡ.

ಈ ಪೆಟ್ಟಿಗೆ ಪದ್ಧತಿ ಎಷ್ಟು ಉಪಯೋಗ ಅನ್ನೋದಕ್ಕೆ ಈಚಿನ ಉದಾಹರಣೆ ಇದೆ. ಆಂಡ್ರಾಯ್ಡ್ ಮೊದಲಿನಿಂದ ಮೆಮೊರಿಯನ್ನ 4 ಕೆಬಿ ಪುಟಗಳಾಗಿ ಹಂಚ್ತಿತ್ತು. ಆಂಡ್ರಾಯ್ಡ್ 15ರಿಂದ 16 ಕೆಬಿ ಪುಟದ ಫೋನ್‌ಗಳಿಗೂ ಬೆಂಬಲ ಬಂತು. ಆಂಡ್ರಾಯ್ಡ್ 15 ಅಥವಾ ಅದಕ್ಕಿಂತ ಹೊಸದನ್ನ ಗುರಿಯಾಗಿಟ್ಟ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗಳು 64 ಬಿಟ್ ಫೋನ್‌ಗಳಲ್ಲಿ ಇದಕ್ಕೆ ಸಿದ್ಧವಾಗಿರಬೇಕು ಅಂತ ಗೂಗಲ್ ಪ್ಲೇ 2025ರ ನವೆಂಬರ್ 1ನ್ನ ಗಡುವಾಗಿ ಇಟ್ಟಿತು. ಬೇಕಾಗಿದ್ದು ಮುಖ್ಯವಾಗಿ ಲಿಂಕರ್‌ಗೆ ಒಂದು ಆಪ್ಷನ್: ಗರಿಷ್ಠ ಪುಟದ ಗಾತ್ರ 16,384 ಬೈಟ್. ಆಂಡ್ರಾಯ್ಡ್ ಎನ್‌ಡಿಕೆಯ 28ನೇ ಆವೃತ್ತಿಯಲ್ಲಿ ಅದು ತಾನಾಗೇ ಬರುತ್ತೆ. ಆಪ್ಷನ್‌ಗಳನ್ನ ಒಂದೇ ಕಡೆ ಇಟ್ಟಿದ್ದವರಿಗೆ ಒಂದು ಸಾಲಿನ ಕೆಲಸ. ಹತ್ತು ಲೈಬ್ರರಿಗೆ ಹತ್ತು ಕಡೆ ಬರೆದಿದ್ದವರಿಗೆ ಹತ್ತೂ ಹುಡುಕೋ ಕೆಲಸ. ಅದರಲ್ಲಿ ಒಂದು ಬಿಟ್ಟುಹೋದರೂ ಆ ಫೋನ್‌ಗಳಲ್ಲಿ ಆ್ಯಪ್ ತೆರೆಯೋದೇ ಕಷ್ಟ.

ಮೂರು ಮೋಸದ ಜಾಗಗಳು

ಒಂದು, ಹೆಸರಿನ ಮೋಸ. 64 ಬಿಟ್ ಆರ್ಮ್‌ಗೆ ಲಿನಕ್ಸ್ 'ಎ-ಆರ್ಚ್-64' ಅನ್ನುತ್ತೆ, ಮ್ಯಾಕ್ 'ಆರ್ಮ್64' ಅನ್ನುತ್ತೆ. 64 ಬಿಟ್ ಎಕ್ಸ್86ಗೆ ಲಿನಕ್ಸ್ 'ಎಕ್ಸ್86-64' ಅಂದ್ರೆ ವಿಂಡೋಸ್ 'ಎಎಂಡಿ64' ಅನ್ನುತ್ತೆ, ಒಳಗೆ ಇಂಟೆಲ್ ಚಿಪ್ ಇದ್ದರೂ! ನಿಮ್ಮ ಬಿಲ್ಡ್ ಫೈಲ್ ಒಂದೇ ಹೆಸರು ಹುಡುಕ್ತಿದ್ದರೆ ಇನ್ನೊಂದು ಕಡೆ ಆ ಆಪ್ಷನ್‌ಗಳೆಲ್ಲ ಸದ್ದಿಲ್ಲದೆ ಮಾಯ. ಮೊದಲು ಎಲ್ಲ ಹೆಸರುಗಳನ್ನ ನಿಮ್ಮದೇ ಒಂದು ಹೆಸರಿಗೆ ತಂದುಕೊಳ್ಳಿ.

ಎರಡು, ಇಲ್ಲಿ ಮತ್ತು ಅಲ್ಲಿ ನಡುವಿನ ಮೋಸ. ಲ್ಯಾಪ್‌ಟಾಪ್‌ನಲ್ಲಿ ಕೂತು ಫೋನಿಗೆ ಕಂಪೈಲ್ ಮಾಡುವಾಗ 'ಈ ಯಂತ್ರ ಯಾವುದು' ಅಂತ ಸಿಸ್ಟಮ್‌ನ ಕೇಳಿದರೆ ಅದು ಲ್ಯಾಪ್‌ಟಾಪ್‌ನ ಹೆಸರು ಹೇಳುತ್ತೆ. ನಿಮಗೆ ಬೇಕಿರೋದು ಫೋನಿನದು. ಕೇಳಬೇಕಾಗಿರೋದು ಕಂಪೈಲರ್‌ನ, 'ನೀನು ಯಾರಿಗೆ ತಯಾರು ಮಾಡ್ತಿದ್ದೀಯ' ಅಂತ.

ಮೂರು, 'ಇದ್ದರೆ ಹಾಕು, ಇಲ್ಲದಿದ್ದರೆ ಬಿಡು' ಅನ್ನೋ ಮೋಸ. ಆಪ್ಷನ್ ಕಂಪೈಲರ್‌ಗೆ ಗೊತ್ತಾ ಅಂತ ಮೊದಲು ಪರೀಕ್ಷಿಸಿ, ಗೊತ್ತಿಲ್ಲದಿದ್ದರೆ ಬಿಡೋದು ತುಂಬಾ ಪ್ರಾಜೆಕ್ಟ್‌ಗಳ ಪದ್ಧತಿ. ಎಚ್ಚರಿಕೆಯ ಆಪ್ಷನ್‌ಗಳಿಗೆ ಇದು ಪರವಾಗಿಲ್ಲ. ಆದರೆ ಸುರಕ್ಷತೆಯ ಆಪ್ಷನ್ ಹೀಗೆ ಬಿಟ್ಟುಹೋದರೆ ಯಾರಿಗೂ ಗೊತ್ತಾಗೋದಿಲ್ಲ. ಒಂದು ಟಾರ್ಗೆಟ್ ಬೀಗ ಇಲ್ಲದ ಬಾಗಿಲಿನ ಥರ ಹೊರಗೆ ಹೋಗುತ್ತೆ. ಅಂಥವು ಸಿಗದಿದ್ದರೆ ಬಿಲ್ಡ್ ಅಲ್ಲೇ ನಿಲ್ಲಬೇಕು. ಇನ್ನೊಂದು ವಿಚಿತ್ರ: 'ಈ ಎಚ್ಚರಿಕೆ ಬೇಡ' ಅನ್ನೋ ಥರದ ಆಪ್ಷನ್ ಹೆಸರನ್ನ ತಪ್ಪಾಗಿ ಬರೆದರೂ ಜಿಸಿಸಿ ಸಾಮಾನ್ಯವಾಗಿ ಸುಮ್ಮನಿರುತ್ತೆ. ಬೇರೇನಾದ್ರೂ ದೋಷ ಕಂಡಾಗ ಮಾತ್ರ ಅದರ ಬಗ್ಗೆಯೂ ಬಾಯಿಬಿಡುತ್ತೆ. ಹಾಗಾಗಿ ಆ ಪರೀಕ್ಷೆಯ 'ಹೌದು'ಗೆ ಅಷ್ಟು ಬೆಲೆ ಇಲ್ಲ.

ಇವತ್ತೇ ಮಾಡಿ ನೋಡಬಹುದಾದದ್ದು

ಕಾಲೇಜ್ ಪ್ರಾಜೆಕ್ಟ್ ಮಾಡ್ತಿದ್ದೀರಾ? ಆಪ್ಷನ್‌ಗಳನ್ನ ಊಹೆ ಮಾಡಬೇಡಿ, ನೋಡಿ. ಜಿಸಿಸಿಗೆ ದೊಡ್ಡಕ್ಷರದ ಕ್ಯೂ ಮತ್ತು 'ಹೆಲ್ಪ್ ಈಕ್ವಲ್ ಟು ಟಾರ್ಗೆಟ್' ಅಂತ ಕೊಟ್ಟರೆ, ಈಗ ಯಾವ ಟಾರ್ಗೆಟ್ ಆಪ್ಷನ್ ಹೇಗಿದೆ ಅಂತ ಪೂರ್ತಿ ಪಟ್ಟಿ ಕೊಡುತ್ತೆ. ಸಿ-ಮೇಕ್‌ನಲ್ಲಿ ಮೇಕ್‌ಫೈಲ್ ಅಥವಾ ನಿಂಜಾ ಬಳಸ್ತಿದ್ದರೆ, ಪ್ರತಿ ಫೈಲ್‌ಗೆ ನಿಜವಾಗಿ ಹೋದ ಪೂರ್ತಿ ಆಜ್ಞೆಯನ್ನ 'ಕಂಪೈಲ್ ಕಮಾಂಡ್ಸ್' ಅನ್ನೋ ಫೈಲ್‌ನಲ್ಲಿ ಬರೆಸಬಹುದು. ಎರಡು ಟಾರ್ಗೆಟ್‌ಗಳ ಆ ಫೈಲ್ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಬೇರೆ ಇದೆಯೋ ಅಲ್ಲಿ 'ಯಾಕೆ ಬೇರೆ' ಅನ್ನೋದಕ್ಕೆ ನಿಮ್ಮ ಹತ್ರ ಉತ್ತರ ಇರಬೇಕು. ಉತ್ತರ ಇಲ್ಲದ ವ್ಯತ್ಯಾಸವೇ ನಾಳೆಯ ಬಗ್.

ಹತ್ರ ಆರ್ಮ್ ಬೋರ್ಡ್ ಇಲ್ಲವಾ? ಕ್ಯೂ-ಎಮು ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಇಂಟೆಲ್ ಲ್ಯಾಪ್‌ಟಾಪ್ ಮೇಲೆ ಲಿನಕ್ಸ್ ಇದ್ದರೆ, ಆರ್ಮ್‌ಗೋ ರಿಸ್ಕ್-ಫೈವ್‌ಗೋ ತಯಾರಾದ ಪ್ರೋಗ್ರಾಮನ್ನ ಅಲ್ಲೇ ಓಡಿಸಿ ನೋಡಬಹುದು. ಟೆಸ್ಟ್ ಮಾಡುವಾಗ 'ಹಲೋ' ಜೊತೆಗೆ 'ನಮಸ್ಕಾರ' ಅಂತ ಕನ್ನಡ ಅಕ್ಷರದಲ್ಲೂ ಒಂದು ಸಾಲು ಹಾಕಿ. ಇಂಗ್ಲಿಷ್ ಮುಚ್ಚಿಟ್ಟ ತಪ್ಪನ್ನ ಕನ್ನಡ ತೋರಿಸಿಕೊಡುತ್ತೆ.

ಒಂದೇ ಸಾಲಿನಲ್ಲಿ ಹೇಳಬೇಕು ಅಂದ್ರೆ: ಎಲ್ಲ ಕಡೆ ಒಂದೇ ಆಪ್ಷನ್ ಹಾಕೋದು ಗುರಿ ಅಲ್ಲ, ಎಲ್ಲ ಕಡೆ ಒಂದೇ ನಡವಳಿಕೆ ಬರೋದು ಗುರಿ. ಅದಕ್ಕೆ ಕೆಲವು ಆಪ್ಷನ್ ಒಂದೇ ಇರಬೇಕು, ಕೆಲವು ಬೇರೆ ಇರಬೇಕು. ಯಾವುದು ಯಾವ ಪೆಟ್ಟಿಗೆ ಅನ್ನೋದು ನಿಮಗೆ ಗೊತ್ತಿರಬೇಕು. ಹೊಸ ಫೋನ್ ಇರೋ ಮೈಸೂರಿನ ಹುಡುಗಿಗೂ, ಅಣ್ಣನ ಹಳೇ ಫೋನ್ ಹಿಡಿದಿರೋ ರಾಯಚೂರಿನ ಹುಡುಗನಿಗೂ ಒಂದೇ ಆ್ಯಪ್ ಒಂದೇ ಥರ ಓಡಬೇಕು, ಇಬ್ಬರ ಹೆಸರೂ ಕನ್ನಡದಲ್ಲಿ ಸರಿಯಾಗಿ ಮೂಡಬೇಕು.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಲ್ಯಾಪ್‌ಟಾಪ್‌ನಲ್ಲಿ ಓಡಿ ಫೋನ್‌ನಲ್ಲಿ ಬಿದ್ದ ಕೋಡ್ ಇದ್ದರೆ, ಇವತ್ತು ಒಮ್ಮೆ ಈ ಕಣ್ಣಿನಿಂದ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೆ ಕೇಳ್ತಾ ಇರಿ, ಓದ್ತಾ ಇರಿ. ನಮಸ್ಕಾರ.